ಎಳೆ ತೆಂಗಿಗೆ ಸುತ್ತಿದ ದಾರ

ತುರುವೇಕೆರೆ ದಾಟುತ್ತಲೇ ಬಸ್ಸು ಪಂಕ್ಚರ್ ಆಯಿತು. ಎಳನೀರಿನ ಅಂಗಡಿಯ ಪಕ್ಕದಲ್ಲೊಂದು ಎಳೆ ತೆಂಗು. ನಾನು ಸುವರ್ಣ ಅನುಪಾತದ ಪಾಠ ಮಾಡಿದ ದಿನ ತರಗತಿಯ ಹುಡುಗಿಯೊಬ್ಬಳು, "ನಮ್ಮ ತೆಂಗಿನಲ್ಲೂ ಇದ್ಯಾ ಮಿಸ್?" ಎಂದು ಕೇಳಿದ್ದಳು. ನೋಡಿಯೇಬಿಡೋಣವೆಂದು ಬ್ಯಾಗಿನಿಂದ ದಾರ ತೆಗೆದು, ಗರಿಗಳ ಮಟ್ಟೆಗಳು ಸುರುಳಿಯಾಗಿ ಏರುವ ಸಾಲುಗಳಿಗೆ ಸುತ್ತತೊಡಗಿದೆ.

ಅಂಗಡಿಯ ಅಜ್ಜಿ ಅರಿಶಿನ ಕುಂಕುಮ ಹಿಡಿದು ಓಡಿಬಂದಳು.

"ಏನು ಹರಕೆ ಕಣವ್ವಾ?"

"ಲೆಕ್ಕ ಅಜ್ಜಿ. ಬಲಕ್ಕೇರೋ ಸಾಲು ಐದು ಬಂತು. ಎಡಕ್ಕೆ ಎಂಟು ಬರ್ಬೇಕು."

"ಬತ್ತದೆ ಬುಡು," ಎಂದು ಮರಕ್ಕೆ ಕುಂಕುಮವಿಟ್ಟಳು.

ಎಡಕ್ಕೇರುವ ಸಾಲುಗಳನ್ನು ಒಂದರಿಂದ ಎಣಿಸುತ್ತ ಹೋದೆ. ಆರು, ಏಳು, ಎಂಟು. ಮುಂದಿನದು ಮತ್ತೆ ಮೊದಲ ಸಾಲೇ! ಎಂಟನ್ನು ಐದರಿಂದ ಭಾಗಿಸಿದರೆ 1.6, ಸುವರ್ಣ ಅನುಪಾತವಾದ 1.618ರ ಮಗ್ಗುಲಿಗೇ ಬಂದು ನಿಲ್ಲುತ್ತದೆ.

"ಬಂತಜ್ಜೀ!" ಎಂದು ಕೂಗಿಬಿಟ್ಟೆ. ಬಸ್ಸಿನವರೆಲ್ಲ ತಿರುಗಿ ನೋಡಿದರು.

"ಹಂಗಾದ್ರೆ ಹರಕೆ ತೀರ್ತು," ಎನ್ನುತ್ತ ಅಜ್ಜಿ ಈಡುಗಾಯಿ ಒಡೆದಳು.