ರೇಣವ್ವನ ಕೈಗುಣ

ಜಕ್ಕಲಿಯ ರೇಣವ್ವ ಕಾಮಣಿಗೆ, ಅಂದರೆ ಕಾಮಾಲೆಗೆ, ಬರೆ ಹಾಕುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವಳು. ಅತ್ತೆಯಿಂದ ಬಂದ ವಿದ್ಯೆ. ಕಣ್ಣು ಹಳದಿಯಾಗಿದ್ದರೆ ಹಳದಿ ಕಾಮಣಿ, ಮುಖ ಬಿಳಿಚಿಕೊಂಡಿದ್ದರೆ ಬಿಳಿ ಕಾಮಣಿ. ಎರಡಕ್ಕೂ ಮುಂಗೈ ಮೇಲೆ ಒಂದೇ ಬರೆ, ನಲವತ್ತು ದಿನದ ಒಂದೇ ಪಥ್ಯ. ಉಪ್ಪು, ಎಣ್ಣೆ, ಬೆಲ್ಲ, ಬೇಳೆ, ಪಲ್ಯ ಮುಟ್ಟುವಂತಿಲ್ಲ. ಗಂಜಿ, ಮಜ್ಜಿಗೆ ಅಷ್ಟೇ. ಹಳದಿಯವರು ಬಹಳ ಮಂದಿ ಎದ್ದು ಓಡಾಡಿದರು. ಬಿಳಿಯವರಲ್ಲಿ ಸತ್ತವರೂ ಇದ್ದರು. ಕದ್ದು ಉಪ್ಪು ತಿಂದಿರಬೇಕು ಎಂದು ಊರೇ ಹೇಳುತ್ತಿತ್ತು. ರೇಣವ್ವನೂ ಹಾಗೇ ನಂಬಿದ್ದಳು. ನಂಬಿಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದಲ್ಲ.

೧೯೫೫ರಲ್ಲಿ ಅವಳ ಒಬ್ಬಳೇ ಮಗಳು ಶೇಖವ್ವ ಬಾಣಂತನಕ್ಕೆ ತವರಿಗೆ ಬಂದಳು. ಹೆರಿಗೆಯಲ್ಲಿ ರಕ್ತ ಬಹಳ ಹೋಯಿತು, ಕೂಸು ಉಳಿಯಲಿಲ್ಲ. ಆಮೇಲೆ ನಾಲಿಗೆ ಉರಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ರೇಣವ್ವ ರೆಪ್ಪೆ ಎತ್ತಿ ನೋಡಿ ಬಿಳಿ ಕಾಮಣಿ ಎಂದಳು, ಬರೆ ಹಾಕಿದಳು. ಹತ್ತೊಂಬತ್ತನೆಯ ದಿನ ಶೇಖವ್ವ ಒಲೆಯ ಮೇಲಿದ್ದ ರಾಜಗಿರಿ ಸೊಪ್ಪಿನ ಪಲ್ಯಕ್ಕೆ ಕೈ ಹಾಕಿದಳು. ರೇಣವ್ವ ಅವಳ ಮುಷ್ಟಿ ಬಿಡಿಸಿ ಪಲ್ಯವನ್ನು ಮತ್ತೆ ಗಡಿಗೆಗೆ ಹಾಕಿದಳು. ಮಗಳು ಬೆರಳು ನೆಕ್ಕಲು ಹೋದಳು. ರೇಣವ್ವ ಅದನ್ನೂ ಸೆರಗಿನಿಂದ ಒರೆಸಿಬಿಟ್ಟಳು.

ಪಥ್ಯ ಮುಗಿಯುವುದರೊಳಗೆ ನಾಲಿಗೆ ನೀರನ್ನೂ ತಾಳದಾಯಿತು. ಹಲ್ಲಿನ ಬಾಧೆ ಇರಬೇಕೆಂದು ರೇಣವ್ವ ಮಗಳನ್ನು ಚಕ್ಕಡಿಯಲ್ಲಿ ರೋಣಕ್ಕೆ ಕರೆದೊಯ್ದಳು. ಅಲ್ಲಿ ಸಂತೆಯ ದಿನ ಹಲ್ಲಿನ ಡಾಕ್ಟರ್ ಮೈನುದ್ದೀನ ಸಾಹೇಬರು ಕೂರುತ್ತಿದ್ದರು, ಮುಂಬೈಯಲ್ಲಿ ಕಲಿತವರು. ಅವರು ಹಲ್ಲು ಮುಟ್ಟಲೇ ಇಲ್ಲ. ನುಣ್ಣಗೆ ಸವೆದ ನಾಲಿಗೆ, ಬಾಯಿಯ ಮೂಲೆಯ ಬಿರುಕು, ಬಣ್ಣವೇ ಇಲ್ಲದ ಒಸಡು ನೋಡಿದರು.

"ಇದು ಕಾಮಣಿ ಅಲ್ಲರಿ ಅವ್ವಾರ, ರಕ್ತ ಕಮ್ಮಿ. ಒಬ್ಬರಿಗೆ ರಕ್ತ ಸೋರಿ ಹೋಗಿರತೈತಿ, ಒಬ್ಬರಿಗೆ ಹೊಟ್ಟ್ಯಾಗಿನ ಹುಳ ಹೀರಿರತಾವ, ಒಬ್ಬರಿಗೆ ಊಟದಾಗ ಸತ್ವ ಇರದಿದ್ರ ರಕ್ತನ ಹುಟ್ಟೂದಿಲ್ಲ. ಈಕಿಗೆ ಹಡದಾಗ ಹೋತು, ಆಮ್ಯಾಗ ಹುಟ್ಟಲಿಲ್ಲ. ಪಲ್ಯ, ಬ್ಯಾಳಿ ಬಿಡಿಸಿದವರು ಯಾರು?"

ರೇಣವ್ವ ಬಾಯಿ ತೆರೆಯುವ ಮೊದಲೇ ಶೇಖವ್ವನೇ ಹೇಳಿದಳು.

"ನಾನ ಬಿಟ್ಟೀನ್ರಿ. ಬಾಯಿಗೆ ರುಚಿ ಇರಲಿಲ್ಲ."

ಸಾಹೇಬರು ಗದಗಿನ ದವಾಖಾನೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಐದನೆಯ ದಿನ ಶೇಖವ್ವ ತೀರಿಕೊಂಡಳು. ರೇಣವ್ವ ಅಳಲಿಲ್ಲ. ಅಳು ಬರಲಿ ಎಂದು ಕಾದಳು, ಅದೂ ಬರಲಿಲ್ಲ. ಏಳು ಎಂದರೆ ಎದ್ದಳು, ಉಣ್ಣು ಎಂದರೆ ಉಂಡಳು. ಉಂಡದ್ದು ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ.

ಎರಡು ತಿಂಗಳ ಮೇಲೆ ಹೊಳೆಆಲೂರಿನಿಂದ ಸಕ್ಕೂಬಾಯಿ ಎಂಬವಳು ಬಿಳಿಚಿಕೊಂಡ ಸೊಸೆಯನ್ನು ಕರೆತಂದಳು. ರೇಣವ್ವ ರೆಪ್ಪೆ ಎತ್ತಿ ನೋಡಿದಳು, ನಾಲಿಗೆ ಚಾಚಿಸಿದಳು. ಬರೆಯ ಕಡ್ಡಿ ತರಲಿಲ್ಲ. ಇದು ಕಾಮಣಿಯಲ್ಲ, ದವಾಖಾನೆಗೆ ಹೋಗಿ ಎಂದಳು. ಅಷ್ಟು ದೂರದಿಂದ ಬಂದ ಸಕ್ಕೂಬಾಯಿಗೆ ಸಿಟ್ಟು ಬಂತು. ಮಗಳ ಸಂಗಡ ನಿನ್ನ ಕೈಗುಣವೂ ಹೋಯಿತು ಎಂದು ಮುಖದ ಮೇಲೆಯೇ ಅಂದಳು. ರೇಣವ್ವ ಹೌದೆಂದು ತಲೆಯಾಡಿಸಿ, ಒಳಗಿನಿಂದ ರೊಟ್ಟಿ, ರಾಜಗಿರಿ ಪಲ್ಯ ತಂದು ಸೊಸೆಯ ಮುಂದಿಟ್ಟಳು. ಆಕೆ ಅತ್ತೆಯ ಮುಖ ನೋಡಿ ಕೈ ಹಿಂದೆಳೆದುಕೊಂಡಳು.

"ಇದರಾಗ ಉಪ್ಪು ಐತೇನ್ರಿ?"

"ಐತಿ," ಎಂದಳು ರೇಣವ್ವ. ಆಕೆಯ ಕೈ ಹಿಡಿದು ಬೆರಳು ಬಿಡಿಸಿ ಪಲ್ಯ ಇಟ್ಟಳು. "ತಿನ್ನವಾ. ಬೆರಳೂ ನೆಕ್ಕು."