ಮಂತ್ರಿಯ ಬೆನ್ನ ಹಿಂದಿನ ಕೈ

ಕುರುಗೋಡಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು ಬಯಲಾಟಗಳನ್ನೂ ಬರೆದು ಆಡಿಸುತ್ತಿದ್ದೆ. ನನ್ನ ಆಟದಲ್ಲಿ ಮಂತ್ರಿಯ ವೇಷ ಹಾಕುತ್ತಿದ್ದವನು ಒಬ್ಬ ಪಿಂಜಾರ. ಸಿರುಗುಪ್ಪದಿಂದ ಬಳ್ಳಾರಿಯ ಬ್ರೂಸ್‌ಪೇಟೆಗೆ ಅರಳೆ ಹೇರುವ ಬಂಡಿ ಅವನದು. ಮೇಲಿನ ಸಾಹೇಬರ ಸವಾರಿ ಬಂತೆಂದರೆ ಡೇರೆ ಸಾಮಾನು ಹೊರಲು ಊರ ಬಂಡಿಗಳನ್ನು ಬಿಟ್ಟಿ ಹಿಡಿಯುತ್ತಿದ್ದರು. ಯಾರ ಬಂಡಿ ಎಂದು ಚೀಟಿ ಬರೆಯುವವನು ಕಚೇರಿಯ ಒಬ್ಬ ಗುಮಾಸ್ತ. ಕೈ ಬೆಚ್ಚಗೆ ಮಾಡಿದವರ ಬಂಡಿ ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಪಿಂಜಾರನದು ಮಾತ್ರ ಪ್ರತಿ ಸಲವೂ ಬೀಳುತ್ತಿತ್ತು. ಹಿಂದಿನ ವರ್ಷ ಹೀಗೆ ಬಿಟ್ಟಿಗೆ ಹೋದಾಗ ಕೆಂಚನಗುಡ್ಡದ ಹಾದಿಯ ಎರೆಮಣ್ಣಿನಲ್ಲಿ ಅವನ ಒಂದು ಎತ್ತು ಕುಸಿದು ಸತ್ತಿತು. ಹೆಂಡತಿಯ ಬೆಳ್ಳಿ ಕಡಗ ಮಾರಿ ಇನ್ನೊಂದನ್ನು ತಂದಿದ್ದ.

"ಆಟದಾಗ ಆ ಗುಮಾಸ್ತನ ಮಾರಿಗಿ ಕನ್ನಡಿ ಹಿಡೀರಿ ಮಾಸ್ತರ್ರೇ. ನಾಕು ಮಂದಿ ಎದುರಿಗಿ ನಾಚಿಕಿ ಬಂದ್ರ, ಈ ಸುಗ್ಗಿಗ್ಯಾರ ನನ್ನ ಬಂಡಿ ಬಿಟ್ಟಾನು" ಎಂದು ಕೇಳಿಕೊಂಡ.

ಗುಮಾಸ್ತನ ಹೆಸರು ಎತ್ತುವಂತಿಲ್ಲ. ಮೊದಲು ನರಿಯ ಕಥೆ ಬರೆದೆ, ಹರಿದು ಹಾಕಿದೆ. ನರಿ ಹೊಟ್ಟೆಗಾಗಿ ಕದಿಯುತ್ತದೆ. ಹೊಟ್ಟೆ ತುಂಬಿದ ಮೇಲೂ ಕೈಚಾಚುವ ಇವನಿಗೆ ಹೋಲಿಸಿದರೆ ನರಿಗೇ ಅವಮಾನ. ಕಡೆಗೆ ಆಟದ ಕಟ್ಟಳೆಯನ್ನೇ ಹಿಡಿದೆ. ರಂಗಕ್ಕೆ ಯಾವ ಪಾತ್ರ ಬಂದರೂ ಸಾರಥಿ "ತಾವು ಯಾರು?" ಎಂದು ಕೇಳಬೇಕು, ಅದು ತನ್ನ ಹೆಸರು, ರಾಜ್ಯ, ಪ್ರತಾಪವನ್ನೆಲ್ಲ ಒದರಬೇಕು. ನನ್ನ ಮಂತ್ರಿ ಮಾತ್ರ ಬಾಯಿ ಬಿಡುವುದಿಲ್ಲ. ಆಕಾಶ ನೋಡುತ್ತಾ ಬಲಗೈಯನ್ನು ಬೆನ್ನ ಹಿಂದೆ ಚಾಚಿ ಬೆರಳಾಡಿಸುತ್ತಾನೆ. ಗುಮಾಸ್ತ ಕಚೇರಿಯ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದದ್ದೇ ಹಾಗೆ.

ಆ ಆಟಕ್ಕೆ ಸಾರಥಿ ನಾನೇ. ಮೂರು ಸಲ ಕೇಳಿದೆ, ಮೂರು ಸಲವೂ ಕೈ ಹಿಂದಕ್ಕೆ ಬಂತು. ಜನ ಬಿದ್ದು ಬಿದ್ದು ನಕ್ಕರು. ಮುಂದೆ ಕೂತಿದ್ದ ಗುಮಾಸ್ತನೂ ನಕ್ಕ. ಪಾಪ, ಅವನಿಗೆ ತಿಳಿಯಲಿಲ್ಲವೆಂದುಕೊಳ್ಳಬೇಡಿ. ಎಲ್ಲ ತಿಳಿದೇ ನಕ್ಕ. ಆಮೇಲೆ ರಂಗಕ್ಕೇ ಬಂದು, ಮೆಚ್ಚಿದೆನೆಂದು ಪಿಂಜಾರನ ಹೆಗಲ ಮೇಲೆ ಒಂದು ಜರಿ ರುಮಾಲು ಹೊದಿಸಿದ. ಉಡುಗೊರೆ ಕೊಟ್ಟವರನ್ನು ಸಾರಥಿ ಅಲ್ಲಿಯೇ ಹೆಸರೆತ್ತಿ ಹೊಗಳಬೇಕು, ಅದು ನಮ್ಮ ಆಟದ ಪದ್ಧತಿ. ಕಳ್ಳನಿಗೆ ಆ ಪದ್ಧತಿ ನನಗಿಂತ ಚೆನ್ನಾಗಿ ಗೊತ್ತಿತ್ತು.

ನನ್ನ ನೌಕರಿ ಆ ಕಚೇರಿಯ ಒಂದು ಚೀಟಿಯ ಮೇಲೆ ನಿಂತಿತ್ತು. "ದಾನಶೂರರು, ಬಡವರ ಬಂಧುಗಳು" ಎಂದು ಈ ನಾಲಿಗೆಯಿಂದಲೇ ಹೊಗಳಿದೆ. ಹೆಸರೆತ್ತಲು ಹೆದರಿದ್ದವನು ಹೊಗಳುವಾಗ ಅವನ ಹೆಸರನ್ನು ಊರಿಗೆಲ್ಲ ಕೇಳುವಂತೆ ಕೂಗಿದೆ. ಅಷ್ಟು ಹೊತ್ತು ನಕ್ಕ ಜನರೇ ಚಪ್ಪಾಳೆ ತಟ್ಟಿದರು. ಅವನ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ, ನನ್ನ ಮೇಲಿನದು ಅದಕ್ಕಿಂತ ಹೆಚ್ಚು.

ಎಂಟು ದಿನಕ್ಕೆ ಸಾಹೇಬರ ಸವಾರಿ ಬಂತು. ಮೊದಲ ಚೀಟಿ ಪಿಂಜಾರನ ಬಂಡಿಗೇ. ಹೇರಿದ್ದ ಅರಳೆಯನ್ನು ಇಳಿಸಿ, ಬರಿಯ ಬಂಡಿ ಹೊಡೆದುಕೊಂಡು ಶಾಲೆಯ ಮುಂದೆ ಬಂದವನು ಒಂದು ಗಳಿಗೆ ನಿಂತ. ನಾನು ಓಡಿಹೋಗಿ, "ಅರ್ಜಿ ಬರೆದು ಕೊಡ್ತೀನಣ್ಣ, ಬಳ್ಳಾರಿಗೆ ಹೋಗಿ ಕೊಡು" ಎಂದೆ.

ಅವನು ಎತ್ತಿನ ಹಗ್ಗ ಸಡಿಲಿಸಲಿಲ್ಲ.

"ನನಗ ನೀವು ಮಾತು ಬರೀಲಿಲ್ಲ, ಸುಮ್ನ ನಿಂತೆ" ಎಂದ. "ಅವತ್ತು ಅಲ್ಲಿ ಮಾತು ಇದ್ದದ್ದು ನಿಮಗೊಬ್ರಿಗೇ."