ಹೊಟ್ಟೆಯ ಮಾತ್ರೆ, ಅಮ್ಮನ ಕಣ್ಣು

ಶಿಡ್ಲಘಟ್ಟದ ಒಂದು ರೇಷ್ಮೆ ಶೆಡ್ಡಿನಲ್ಲಿ ಅಮ್ಮ ನೂಲು ತೆಗೆಯುತ್ತಿದ್ದಳು. ಬೆಂದ ಗೂಡುಗಳು ತೇಲುವ ಬಿಸಿನೀರಿನ ಮುಂದೆ ಕೂತು, ಕಂಡೂ ಕಾಣದಂಥ ಎಳೆಯನ್ನು ಬೆರಳಲ್ಲಿ ಹಿಡಿದು ರಾಟೆಗೆ ಕೊಡುವ ಕೆಲಸ. ನಡುವೆ ಎದ್ದು ಹೋಗುವ ಹಾಗಿಲ್ಲ. ಅಮ್ಮನಿಗೋ ಎದ್ದು ಹೋಗದೆ ಗತಿಯಿರಲಿಲ್ಲ. ಉಂಡ ಸ್ವಲ್ಪ ಹೊತ್ತಿಗೆ ಕರುಳು ಹಿಂಡಿಕೊಂಡು ಬರುತ್ತಿತ್ತು, ಆಮೇಲೆ ಓಟ. ಪಕ್ಕದವರು ನಗುತ್ತಿದ್ದರು. ನಾಚಿಕೆಗೆ ಅವಳು ಮಧ್ಯಾಹ್ನದ ಬುತ್ತಿ ಒಯ್ಯುವುದನ್ನೇ ಬಿಟ್ಟಳು.

ಚಿಂತಾಮಣಿಯ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಹುಣ್ಣಿಲ್ಲ, ಗಡ್ಡೆಯಿಲ್ಲ, ಇದು ಐಬಿಎಸ್, ಗಾಯವಿಲ್ಲದೆಯೂ ಕರುಳು ಕೆರಳುವ ತೊಂದರೆ ಎಂದರು. ಮನೆಯವರ ಕಿವಿಗೆ ಬಿದ್ದದ್ದು 'ಇಲ್ಲ' ಎಂಬುದಷ್ಟೇ. ಏನೂ ಇಲ್ಲದ ಮೇಲೆ ಒದ್ದಾಟ ಯಾಕೆ ಎಂದು ಅಪ್ಪ ಗೊಣಗಿದರು. ಆದರೆ ಕರುಳಿನ ಹಿಡಿತ ಸಡಿಲಿಸುತ್ತದೆಂದು ಡಾಕ್ಟರು ಕೊಟ್ಟ ಮಾತ್ರೆ ಕೆಲಸ ಮಾಡಿತು. ಅಮ್ಮ ಮತ್ತೆ ಬುತ್ತಿ ಕಟ್ಟಿಕೊಂಡಳು. ತಿಂಗಳಾದ ಮೇಲೆ ಬಂದು ತೋರಿಸಿ ಎಂದಿದ್ದರು, ಹೋಗಲಿಲ್ಲ. ಖಾಲಿ ಶೀಟು ತೋರಿಸಿದರೆ ಮೆಡಿಕಲ್ ಶಾಪಿನಲ್ಲಿ ಇನ್ನೊಂದು ಕೊಡುತ್ತಿದ್ದರು.

ಮೊದಲು ಬಾಯಿ ಒಣಗಿತು. ನೀರು ಕುಡಿದಳು. ಆಮೇಲೆ ಕಣ್ಣು ಮಂಜಾಯಿತು. ದೂರದ ಬಸ್ಸಿನ ಬೋರ್ಡು ಓದುತ್ತಿದ್ದಳು, ಕೈಯಲ್ಲಿದ್ದ ಮೊರದೊಳಗಿನ ಕಲ್ಲು ಕಾಣುತ್ತಿರಲಿಲ್ಲ. "ಯಾಕಮ್ಮಾ, ನೂಲು ಒಂದ್ಕಡೆ ದಪ್ಪ, ಒಂದ್ಕಡೆ ಸಣ್ಣ ಬರ್ತೈತೆ?" ಎಂದು ಶೆಡ್ಡಿನ ಯಜಮಾನರು ಮೆಲ್ಲಗೇ ಕೇಳಿ, ಅವಳನ್ನು ಗುಡಿಸುವ ಕೆಲಸಕ್ಕೆ ಹಾಕಿದರು.

ಕನ್ನಡಕ ಬದಲಾಯಿಸಿದೆವು. ಮತ್ತೆ ಬದಲಾಯಿಸಿದೆವು. ಕೊನೆಗೆ ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರು, "ಬೇರೆ ಯಾವ್ದಾದ್ರೂ ಮಾತ್ರೆ ತಗೋತಿದ್ದೀರಾ?" ಎಂದು ಕೇಳಿದಾಗ ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ಹೊಟ್ಟೆಯ ಮಾತ್ರೆ ಯಾಕೆ ಹೇಳಲಿಲ್ಲ ಎಂದು ಆಚೆ ಬಂದ ಮೇಲೆ ಕೇಳಿದೆ.

"ಕಣ್ಣಿನ ಡಾಕ್ಟ್ರ ಮುಂದೆ ಕಕ್ಕಸಿನ ವಿಷ್ಯ ಯಾಕೇ? ಥೂ."

ಮಾರನೆಯ ದಿನ ಚಿಂತಾಮಣಿಗೆ ಎಳೆದುಕೊಂಡು ಹೋದೆ. "ಇದ್ರಿಂದ ಕೆಲವ್ರಿಗೆ ಹತ್ತಿರದ್ದು ಮಂಜಾಗುತ್ತೆ. ಕಣ್ಣಿನ ಒತ್ತಡ ಇರೋರಿಗಂತೂ ಅಪಾಯ. ಬಂದು ಹೇಳ್ಬೇಕಿತ್ತಲ್ಲಮ್ಮಾ" ಎಂದು ಡಾಕ್ಟರು ಆ ಮಾತ್ರೆ ನಿಲ್ಲಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ನಾವು ಕನ್ನಡಕ ಬದಲಾಯಿಸುತ್ತಾ ಕೂತಿದ್ದೆವು. ಬೇರೆ ಔಷಧಿ ಕೊಟ್ಟು ನೋಡಿದರು, ಅದು ಹಿಡಿಸಲಿಲ್ಲ. ಕಣ್ಣು ತಿಳಿಯಾಯಿತು, ಅಮ್ಮ ಮತ್ತೆ ನೂಲಿಗೆ ಕೂತಳು, ಮತ್ತೆ ಬುತ್ತಿ ಬಿಟ್ಟಳು. ಇದೆಂಥಾ ನ್ಯಾಯ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಅಷ್ಟರಲ್ಲಿ ಗೌರಿಬಿದನೂರಿನ ಛತ್ರದಲ್ಲಿ ನನ್ನ ಮದುವೆ ಗೊತ್ತಾಯಿತು. ಅಮ್ಮನಿಗೆ ಒಡವೆ, ಅಡುಗೆ ಯಾವುದರ ಚಿಂತೆಯೂ ಇರಲಿಲ್ಲ. "ಧಾರೆ ಎರೆಯೋ ಹೊತ್ನಲ್ಲಿ ನಾನು ಎದ್ದು ಓಡಿದ್ರೆ ಏನೇ ಗತಿ?" ಎನ್ನುತ್ತಿದ್ದಳು.

"ಓಡು, ಪುರೋಹಿತ್ರು ಕಾಯ್ತಾರೆ" ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ಧಾರೆಯ ಹೊತ್ತಿಗೆ ಅಮ್ಮ ಅಲುಗಾಡದೆ ನಿಂತಿದ್ದಳು. ನಮ್ಮ ಕೈಮೇಲೆ ಹಾಲು ಬಿಡುವಾಗ ಚೊಂಬು ವಾಲಿ ನನ್ನ ಸೀರೆ ನೆನೆಯಿತು. ಅಳುತ್ತಿದ್ದಾಳೆ, ಅದಕ್ಕೇ ವಾಲಿತು ಎಂದುಕೊಂಡೆ. ಆಮೇಲೆ ಎಲ್ಲರ ಜೊತೆ ಊಟಕ್ಕೂ ಕೂತಳು, ಹೋಳಿಗೆ ಹಾಕಿಸಿಕೊಂಡಳು. ಅದನ್ನು ನೋಡಿ ನನಗೆ ಎಷ್ಟು ಸಂತೋಷವಾಗಿತ್ತು!

ಗಂಡನ ಮನೆಗೆ ಹೊರಟಾಗ ಅವಳು ನನ್ನ ಗಲ್ಲ ಹಿಡಿದು, ಹಣೆ, ಮೂಗುಬೊಟ್ಟು, ಕೆನ್ನೆಗಳ ಮೇಲೆ ಬೆರಳಾಡಿಸಿದಳು, ಗೂಡಿನ ಮೇಲೆ ಎಳೆಯ ತುದಿ ಹುಡುಕುವ ಹಾಗೆ.

"ಅಮ್ಮಾ, ಆ ಮಾತ್ರೆ ನುಂಗಿದ್ದೀಯಾ?"

"ಮನೇಲಿ ಮಿಕ್ಕಿತ್ತು. ಮೊನ್ನೆಯಿಂದ ನುಂಗ್ತಿದೀನಿ. ಓಡೋ ಹಂಗಾಗ್ಲಿಲ್ಲ ನೋಡು" ಎಂದಳು. ಆಮೇಲೆ ಕೈ ತೆಗೆಯದೆ ಹೇಳಿದಳು:

"ಆ ಬಾಗ್ಲಿಂದ ನೀನು ಬರೋವಾಗ ಚೆನ್ನಾಗಿ ಕಾಣಿಸ್ದೆ ಕಣೇ. ಹತ್ರ ಬಂದ್ಮೇಲೆ ನಿನ್ನ ಮುಖ ಕಾಣ್ಲಿಲ್ಲ."